ಏಪ್ರಿಲ್ ಒಂದರ ರಾತ್ರಿ

ಎಪ್ಪತ್ತೆರಡು ಮೈಲಿ ಕಾಲುವೆ, ಒಂದೇ ಒಂದು ಸಿಗ್ನಲ್ಲು,
ಅದೂ ಹಳದಿ ಮಿಟುಕಿಸಿಕೊಂಡು ನಿಂತಿದೆ, ಯಾರನ್ನೂ ತಡೆದದ್ದಿಲ್ಲ.
ಪೆಲ್ಹಾಮ್ ಕೌಂಟಿ, ಕ್ಯಾರೊಲಿನಾದ ಒದ್ದೆ ಅಂಚು.
ಇಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ
ಹೈಸ್ಕೂಲಿನ ಹಿಂದಿನ ಕಸದ ದಿಬ್ಬ.

ನಾನು ಒಡೆಸ್ಸಾ ಸ್ವಿಂಡೆಲ್. ಮೂವತ್ತೊಂದು ವರ್ಷ
ಶಾಲೆಯ ಬಸ್ಸು ಓಡಿಸಿದೆ. ಮೊದಲ ವರ್ಷ
ಕನ್ನಡಿಯಲ್ಲಿ ನಲವತ್ತನಾಲ್ಕು ತಲೆ,
ಕೊನೆಯ ವರ್ಷ ಒಂಬತ್ತು, ಅದರಲ್ಲೂ ಇಬ್ಬರು ಅವಳಿ.
ಎಣಿಸುವ ಚಾಳಿ ಹೋಗಲಿಲ್ಲ ಅಂತಲೋ ಏನೋ
ಜನಗಣತಿಯ ಚೀಲ ಹೆಗಲಿಗೆ ಹಾಕಿದರು.

ಕೋರ್ಟು ಎರಡು ಸಲ ಸುಟ್ಟಿದೆ. ಒಮ್ಮೆ ಸಿಡಿಲಿಗೆ,
ಇನ್ನೊಮ್ಮೆ, ತನ್ನ ಸಾಲಪತ್ರ ಅಲ್ಲಿದ್ದ ಯಾವನೋ ಒಬ್ಬನಿಗೆ.
ಉಳಿದದ್ದು ಗಡಿಯ ಕಾಗದ:
'ಮೂರು ಕೊಡಲಿಗಚ್ಚಿನ ಸೈಪ್ರೆಸ್ ಮರದಿಂದ ಹೊರಟು,
ದಂಡೆ ಹಿಡಿದು, ಮತ್ತೆ ಅದೇ ಮರಕ್ಕೆ.'
ಆ ಮರ ಈಗ ಕಾಲು ಮೈಲಿ ಆಚೆ, ನೀರಿನಲ್ಲಿ,
ತುದಿಗೆ ಮೀನುಗಿಡುಗದ ಗೂಡು.
ಕಾನೂನಿನ ಪ್ರಕಾರ ಕೌಂಟಿ ಇನ್ನೂ ಅಲ್ಲಿಂದಲೇ ಶುರು.

ಇನ್ನೊಂದು ಹಾಳೆಯೂ ಉಳಿದಿದೆ,
ಸಾವಿರದೆಂಟುನೂರ ಐವತ್ತರ ಎಣಿಕೆ.
'ಹೆಣ್ಣು. ಹತ್ತೊಂಬತ್ತು. ಕಪ್ಪು.' ಅಷ್ಟೇ.
ಮೇಲೆ ಯಜಮಾನನ ಹೆಸರು, ಬಾಲ ಸುತ್ತಿದ ಅಕ್ಷರದಲ್ಲಿ.
ನನ್ನಜ್ಜಿಯ ಅಜ್ಜಿ ಅವಳೇ ಇರಬೇಕು,
ಅಥವಾ ಕೆಳಗಿನ ಸಾಲಿನವಳು.
ಎಣಿಸಿದವನ ಕೈ ನಡುಗಿಲ್ಲ, ಶಾಯಿ ಎಲ್ಲೂ ಚೆಲ್ಲಿಲ್ಲ.
ಸೊಂಟದಾಳದ ಕೆಸರಲ್ಲಿ ಕಾಲುವೆ ತೋಡಿದವರು ಅವರು;
ಕಾಲುವೆಗೆ ಮಾತ್ರ ಅವನ ಹೆಸರು,
ಇವತ್ತಿಗೂ, ಹಸಿರು ಬೋರ್ಡಿನ ಮೇಲೆ.

ಜೌಗು ಬಸಿದು ಮೆಕ್ಕೆಜೋಳ ಬೆಳೆದರು.
ಈಗ ಅದೇ ಕಾಲುವೆ ಹಿಡಿದು ಸಮುದ್ರ
ಹಿತ್ತಿಲ ಬಾಗಿಲಿಂದ ಬರುತ್ತದೆ.
ಪೈನ್ ಮರಗಳು ನಿಂತಲ್ಲೇ ಸತ್ತು ಬೆಳ್ಳಗಾಗಿವೆ.
ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ.
ಇಲ್ಲಿ ತಿಂದವನೊಬ್ಬ, ಕುಡಿಯುವವರು ಎಲ್ಲರೂ.

ಸಿಂಪಿ ತೆಗೆಯುವ ವರ್ಲನ್ ಗ್ಯಾಸ್ಕಿಲ್
ಮನೆಯನ್ನು ಕಂಬದ ಮೇಲೆ ಎತ್ತಿಸಿದ್ದಾನೆ.
ಹದಿನಾಲ್ಕು ಮೆಟ್ಟಿಲು ಹತ್ತಿ, ಏದುಸಿರಲ್ಲೇ ಕೇಳಿದೆ:
ಏಪ್ರಿಲ್ ಒಂದರ ರಾತ್ರಿ ಇಲ್ಲಿ ಮಲಗಿದ್ದವರೆಷ್ಟು?
'ನಾನು. ನಾಯಿ. ಲೋರೀನ್ ಚರ್ಚಿನ ಹಿಂದೆ ಇದ್ದಳಲ್ಲ,
ಹೋದ ಬಿರುಗಾಳಿಗೆ ಪೆಟ್ಟಿಗೆ ತೇಲಿಬಿಟ್ಟಿತು.
ಎರಡು ಹೊಲ ದಾಟಿ ಸಿಕ್ಕಳು.
ಪಕ್ಕದ ಕೌಂಟಿಯಲ್ಲಿ ಹೂತೆವು, ಅಲ್ಲಿ ನೆಲ ಗಟ್ಟಿ.'
ನಾಯಿಯ ಕಿವಿ ತುರಿಸುತ್ತ,
'ಊರು ಬಿಟ್ಟು ಹೋದವರ ಕಾಲಂ ಇದೆಯಾ?' ಅಂದ.
ಇರಲಿಲ್ಲ.

ಬೆಳಕು ಇಳಿಯುವ ಹೊತ್ತಿಗೆ ಏಡಿ ಬಿಡಿಸುವ ಶೆಡ್ಡು.
ಮೆಕ್ಸಿಕೋದ ಸಿನಲೋವಾದಿಂದ ಬಂದ ಹೆಂಗಸರು, ಹದಿನೇಳು ಜನ,
ತಲೆಗೆ ಬಿಳಿ ಬಲೆ. ಮಾತು ನಿಂತರೂ ಚಾಕು ನಿಲ್ಲುವುದಿಲ್ಲ.
ಇಂಗ್ಲಿಷ್ ಬಲ್ಲವಳು ನೋಯೆಮಿ ಒಬ್ಬಳೇ.
ಒಂದನೇ ತಾರೀಖಿನ ರಾತ್ರಿ ಎಲ್ಲಿದ್ದಿರಿ?
ಬಸ್ಸಿನಲ್ಲಿ, ಅಂದಳು. ಕೂತೇ ನಿದ್ದೆ.
ಎಲ್ಲೋ ಟೆಕ್ಸಸ್ಸು. ಹೊರಗೆ ಕತ್ತಲೆ. ಊರಿನ ಹೆಸರು ಗೊತ್ತಿಲ್ಲ.

ಕೈಪಿಡಿ ತಿರುವಿದೆ. ಹಡಗಿನ ಬಗ್ಗೆ ಇದೆ,
ಜೈಲಿನ ಬಗ್ಗೆ, ಟೆಂಟಿನ ಬಗ್ಗೆ ಇದೆ.
ಬಸ್ಸು ನನಗೆ ಸಿಗಲಿಲ್ಲ. ಬದುಕಿಡೀ ಬಸ್ಸಿನೊಳಗೇ
ತಲೆ ಎಣಿಸಿದವಳಿಗೆ!
ನೋಯೆಮಿ ಏಡಿಯ ಬೆನ್ನು ಸೀಳಿ, ಮಾಂಸದ ತುಂಡು ಇಡಿಯಾಗಿ ಎತ್ತಿ
ನನ್ನ ಫಾರಮ್ಮಿನ ಅಂಚಿಗೇ ಇಟ್ಟಳು: ತಿನ್ನಿ.
ತಿಂದೆ. ಪೆನ್ನು ಅಂಟಂಟಾಯಿತು.

ವಿಳಾಸದ ಗೆರೆ ಸದ್ಯಕ್ಕೆ ಖಾಲಿ ಇರಲಿ.
ವಯಸ್ಸು ಆಮೇಲೆ. ಬಣ್ಣ ಆಮೇಲೆ.
'ಹೆಸರು ಹೇಳಿ' ಅಂದೆ, 'ಒಬ್ಬೊಬ್ಬರಾಗಿ,
ನಿಧಾನಕ್ಕೆ. ಕಾಗುಣಿತ ತಪ್ಪಬಾರದು ನನಗೆ.'